ಅಂತರ್ಮುಖಿ, ಬಹಿರ್ಮುಖಿ: ‘ಯಾರು’ ಎನ್ನುವುದಕ್ಕಿಂತ ‘ಎಷ್ಟು’ ಎನ್ನುವ ಪ್ರಶ್ನೆ

ನಿಂಬೆಹಣ್ಣಿನಿಂದ ಶುರು ಮಾಡೋಣ. ಎರಡೂ ತುದಿಗೆ ಹತ್ತಿ ಸುತ್ತಿದ ಕಿವಿಕಡ್ಡಿ ನೋಡಿದ್ದೀರಲ್ಲ, ಅದರ ನಟ್ಟನಡುವೆ ಒಂದು ದಾರ ಕಟ್ಟಿ ಎತ್ತಿ ಹಿಡಿಯಿರಿ. ಕಡ್ಡಿ ಯಾವ ಕಡೆಗೂ ವಾಲದೆ ಅಡ್ಡಡ್ಡ ನಿಲ್ಲುವ ತನಕ ಗಂಟನ್ನು ಆಚೀಚೆ ಸರಿಸಿ. ಈಗ ಒಂದು ತುದಿಯನ್ನು ನಾಲಿಗೆಯ ಮೇಲೆ 20 ಸೆಕೆಂಡ್ ಇಟ್ಟು ತೆಗೆಯಿರಿ. ಆಮೇಲೆ ನಾಲಿಗೆಗೆ ನಾಲ್ಕು ಹನಿ ನಿಂಬೆರಸ ಬಿಟ್ಟುಕೊಂಡು ನುಂಗಿ, ಇನ್ನೊಂದು ತುದಿಯನ್ನು ಅದೇ ಜಾಗದಲ್ಲಿ ಅಷ್ಟೇ ಹೊತ್ತು ಇಡಿ. ದಾರ ಹಿಡಿದು ಮತ್ತೆ ಎತ್ತಿ. ನಿಂಬೆರಸದ ನಂತರ ಇಟ್ಟ ತುದಿ ಕೆಳಕ್ಕೆ ವಾಲಿತೇ? ಎಷ್ಟು ವಾಲಿತು?

1960ರ ದಶಕದಲ್ಲಿ ಮನೋವಿಜ್ಞಾನಿ ಹ್ಯಾನ್ಸ್ ಐಸೆಂಕ್ ಮತ್ತವರ ಸಂಗಡಿಗರು ಇಂಥ ಪರೀಕ್ಷೆಗಳನ್ನು ಮಾಡಿದರು. ಅದೇ ನಾಲ್ಕು ಹನಿಗೆ ಬಹಿರ್ಮುಖಿಗಳಿಗಿಂತ (ಎಕ್ಸ್‌ಟ್ರೋವರ್ಟ್) ಅಂತರ್ಮುಖಿಗಳ (ಇಂಟ್ರೋವರ್ಟ್) ಬಾಯಲ್ಲಿ ಸರಾಸರಿಯಾಗಿ ಹೆಚ್ಚು ಜೊಲ್ಲು ಸುರಿಯಿತು. ಹೊರಗಿನಿಂದ ಬಂದ ಪ್ರಚೋದನೆ ಒಂದೇ, ಒಳಗಿನ ಸ್ಪಂದನೆಯ ಪ್ರಮಾಣ ಬೇರೆ. ಇವತ್ತಿನ ಮಾತಿಗೆಲ್ಲ ಇದು ದಾರಿ ತೋರಿಸುತ್ತದೆ ಅಂತ ಇದನ್ನು ಮೊದಲೇ ಹೇಳಿದೆ. ಇಲ್ಲಿ ಜನರ ಸುದ್ದಿಯೇ ಇಲ್ಲ ನೋಡಿ. ಮಾತು, ಸ್ನೇಹ, ಗುಂಪು, ವೇದಿಕೆ, ಯಾವುದೂ ಇಲ್ಲ. ಬರೀ ನಿಂಬೆರಸ.

ಮನೆಗೆ ಹೋಗಿ ಇದನ್ನು ಮಾಡಿ ನೋಡುವವರಿಗೆ ಒಂದೆರಡು ಎಚ್ಚರಿಕೆ. ಮೊದಲ ಸಲ ನಾಲಿಗೆಯ ತುದಿಗೆ, ಎರಡನೇ ಸಲ ಹಿಂಭಾಗಕ್ಕೆ ಇಟ್ಟರೆ ಪರೀಕ್ಷೆ ಕೆಟ್ಟಿತು. ಆಗಷ್ಟೇ ಊಟ ಮಾಡಿದ್ದರೆ, ಬಾಯಿ ಒಣಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಲೆಕ್ಕ ತಪ್ಪುತ್ತದೆ. ದಿನದ ಬೇರೆ ಬೇರೆ ಹೊತ್ತಿನಲ್ಲಿ ಜೊಲ್ಲಿನ ಪ್ರಮಾಣವೇ ಬೇರೆ ಇರುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ಕಡ್ಡಿ ವಾಲಿದ್ದನ್ನು ನೋಡಿ ‘ನಾನು ಅಂತರ್ಮುಖಿ’ ಅಂತ ತೀರ್ಮಾನಿಸಲು ಬರುವುದಿಲ್ಲ. ಇದು ನೂರಾರು ಜನರ ಸರಾಸರಿಯಲ್ಲಿ ಕಾಣುವ ವ್ಯತ್ಯಾಸ. ಒಬ್ಬೊಬ್ಬರ ಮಟ್ಟಿಗೆ ಅಷ್ಟು ನಂಬಲು ಆಗದು.

ಅಂತರ್ಮುಖಿ, ಬಹಿರ್ಮುಖಿ ಅನ್ನುವ ಎರಡು ಹೆಸರುಗಳನ್ನು ಬಳಕೆಗೆ ತಂದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್. 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಹೇಳಿದ್ದು ಮನಸ್ಸಿನ ಶಕ್ತಿ ಯಾವ ದಿಕ್ಕಿಗೆ ಹರಿಯುತ್ತದೆ ಅನ್ನುವುದರ ಬಗ್ಗೆ. ಕೆಲವರಲ್ಲಿ ಅದು ಹೊರಗಿನ ವಸ್ತು, ವ್ಯಕ್ತಿ, ಘಟನೆಗಳ ಕಡೆಗೆ. ಕೆಲವರಲ್ಲಿ ಒಳಗಿನ ಯೋಚನೆ, ಭಾವನೆಗಳ ಕಡೆಗೆ. ಪೂರ್ತಿ ಹೊರಮುಖ, ಪೂರ್ತಿ ಒಳಮುಖ ಆದ ಮನುಷ್ಯ ಇರಲಾರ ಅನ್ನುವುದು ಯೂಂಗ್ ಅವರಿಗೆ ಗೊತ್ತಿತ್ತು. ಅದನ್ನು ಮರೆತವರು ಅವರ ನಂತರ ಬಂದ ನಾವು.

ಐಸೆಂಕ್ ಆ ದಿಕ್ಕಿನ ಮಾತನ್ನು ಮಿದುಳಿಗೆ ತಂದು ಕಟ್ಟಿದರು. 1967ರಲ್ಲಿ ಅವರು ಮುಂದಿಟ್ಟ ವಾದ ಹೀಗಿದೆ: ಮಿದುಳುಕಾಂಡದಲ್ಲಿರುವ ಒಂದು ಜಾಲ ಮಿದುಳನ್ನು ಎಚ್ಚರವಾಗಿಡುತ್ತದೆ; ಅಂತರ್ಮುಖಿಗಳಲ್ಲಿ ಈ ಎಚ್ಚರದ ಮಟ್ಟ ಮೊದಲೇ ಮೇಲಿರುತ್ತದೆ, ಹಾಗಾಗಿ ಹೊರಗಿನಿಂದ ಸ್ವಲ್ಪ ಬಂದರೂ ಸಾಕಾಗುತ್ತದೆ; ಬಹಿರ್ಮುಖಿಗಳಲ್ಲಿ ಕೆಳಗಿರುತ್ತದೆ, ಅದನ್ನು ಮೇಲೆತ್ತಲು ಅವರು ಸದ್ದು, ಜನ, ಹೊಸತನವನ್ನು ಹುಡುಕುತ್ತಾರೆ. ಕೇಳಲು ಅಚ್ಚುಕಟ್ಟಾಗಿದೆ. ಆದರೆ ಸುಮ್ಮನೆ ಕೂತಿರುವಾಗ ಅಳೆದರೆ ಈ ವ್ಯತ್ಯಾಸ ಪ್ರತಿ ಸಲ ಸಿಗುವುದಿಲ್ಲ. ಪ್ರಚೋದನೆ ಕೊಟ್ಟಾಗ ಅಂತರ್ಮುಖಿಗಳು ಹೆಚ್ಚು ಸ್ಪಂದಿಸುತ್ತಾರೆ ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಆಧಾರವಿದೆ.

ನನ್ನ ಮಟ್ಟಿಗೆ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸಿದ್ದು 1984ರಲ್ಲಿ ರಸೆಲ್ ಗೀನ್ ಮಾಡಿದ ಪ್ರಯೋಗ. ಕಲಿಯುವ ಕೆಲಸವೊಂದನ್ನು ಕೊಟ್ಟು, ಕಿವಿಗೆ ಬೀಳುವ ಸದ್ದಿನ ಮಟ್ಟವನ್ನು ನೀವೇ ಆರಿಸಿಕೊಳ್ಳಿ ಅಂದರು. ಬಹಿರ್ಮುಖಿಗಳು ಸರಾಸರಿ 72 ಡೆಸಿಬೆಲ್ ಸುತ್ತ ಆರಿಸಿಕೊಂಡರು, ಅಂತರ್ಮುಖಿಗಳು 55ರ ಸುತ್ತ. ಅವರವರ ಮಟ್ಟದಲ್ಲಿ ಬಿಟ್ಟಾಗ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಥರ ಕಲಿತವು. ಅದಲುಬದಲು ಮಾಡಿದಾಗ ಎರಡೂ ಗುಂಪು ಹಿಂದೆ ಬಿದ್ದವು. ಅಂದರೆ ಗಲಾಟೆಯಲ್ಲಿ ಓದುವ ಮಗ ಅಸಡ್ಡೆಯವನೂ ಅಲ್ಲ, ಬಾಗಿಲು ಹಾಕಿಕೊಂಡು ಓದುವ ಮಗಳು ಸೂಕ್ಷ್ಮದವಳೂ ಅಲ್ಲ. ಮಗಳಿಗೆ ಕೊಡುವಷ್ಟೇ ನಿಶ್ಶಬ್ದವನ್ನು ಮಗನ ಮೇಲೂ ಹೇರಿದರೆ ಅವನ ಓದು ಕೆಡಬಹುದು. ಈ ಅರ್ಧವನ್ನು ಯಾರೂ ಹೇಳುವುದಿಲ್ಲ.

ಮೊದಲ ಎಳೆ ಪ್ರಚೋದನೆಯದಾದರೆ, ಎರಡನೇ ಎಳೆ ಪ್ರತಿಫಲದ್ದು. 1970ರಿಂದ ಜೆಫ್ರಿ ಗ್ರೇ, ಆಮೇಲೆ ಬೇರೆಯವರು ಬೆಳೆಸಿದ ವಿಚಾರ ಇದು. ಮೆಚ್ಚುಗೆ, ಗೆಲುವು, ಹೊಸ ಪರಿಚಯ, ನಗು, ಸ್ಥಾನಮಾನ ಇವುಗಳ ಸುಳಿವು ಸಿಕ್ಕಾಗ ‘ಹೋಗು, ಪಡೆ’ ಅನ್ನುವ ಒತ್ತಡ ಮಿದುಳಿನಲ್ಲಿ ಏಳುತ್ತದೆ. ಡೋಪಮೈನ್ ಅನ್ನುವ ರಾಸಾಯನಿಕ ಇದರಲ್ಲಿ ಮುಖ್ಯ ಪಾತ್ರಧಾರಿ. ಬಹಿರ್ಮುಖತೆ ಹೆಚ್ಚಿದ್ದವರಲ್ಲಿ ಈ ಒತ್ತಡ ಜೋರಾಗಿರುತ್ತದೆ. ಹಾಗೆ ನೋಡಿದರೆ ಬಹಿರ್ಮುಖಿಗೆ ಜನ ಬೇಕಾಗುವುದು ಜನರಿಗಾಗಿ ಮಾತ್ರವಲ್ಲ. ಮನುಷ್ಯರಿಗೆ ಸಿಗುವ ಪ್ರತಿಫಲಗಳಲ್ಲಿ ಬಹುಪಾಲು ಬರುವುದು ಇನ್ನೊಬ್ಬ ಮನುಷ್ಯನಿಂದಲೇ, ಅದಕ್ಕೆ. ಅಂತರ್ಮುಖಿ ಜನರನ್ನು ಕಂಡು ಓಡುತ್ತಾನೆ ಅನ್ನುವುದೂ ಸರಿಯಲ್ಲ. ಆ ಎಳೆತ ಅವನಲ್ಲಿ ಕಡಿಮೆ, ಅಷ್ಟೇ. ಎಳೆತ ಕಡಿಮೆ ಇರುವುದಕ್ಕೂ ಭಯ ಇರುವುದಕ್ಕೂ ಅಜಗಜಾಂತರ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ‘ಬಹಿರ್ಮುಖತೆ’ ಅನ್ನುವ ಒಂದೇ ಪದದೊಳಗೆ ಏನೇನಿದೆ ಅಂತ ಬಿಚ್ಚಿ ನೋಡೋಣ. ವ್ಯಕ್ತಿತ್ವವನ್ನು ಅಳೆಯುವವರು ಇವತ್ತು ಹೆಚ್ಚಾಗಿ ಬಳಸುವುದು ಐದು ಮುಖ್ಯ ಗುಣಗಳ ಮಾದರಿ. ಅದರಲ್ಲಿ ಬಹಿರ್ಮುಖತೆ ಒಂದು. 2017ರ ಒಂದು ಪ್ರಶ್ನಾವಳಿಯಲ್ಲಿ ಒಟ್ಟು 60 ವಾಕ್ಯಗಳಿವೆ, ಗುಣಕ್ಕೆ 12ರಂತೆ. ಬಹಿರ್ಮುಖತೆಯ ಆ 12 ವಾಕ್ಯಗಳು ಮತ್ತೆ ಮೂರು ಭಾಗ: ಜನರೊಂದಿಗೆ ಬೆರೆಯುವುದು, ಮುಂದೆ ನಿಂತು ನಡೆಸುವ ದಿಟ್ಟತನ, ಉತ್ಸಾಹ ಮತ್ತು ಚಟುವಟಿಕೆ.

ಒಟ್ಟು ಅಂಕ ಒಂದೇ ಆದ ಇಬ್ಬರನ್ನು ಕಲ್ಪಿಸಿಕೊಳ್ಳಿ. ಮೊದಲನೆಯವರು ಸಭೆಯಲ್ಲಿ ಎದ್ದು ನಿಂತು ‘ಈ ಯೋಜನೆ ನಡೆಯುವುದಿಲ್ಲ’ ಅಂತ ನೇರವಾಗಿ ಹೇಳುತ್ತಾರೆ, ಕೆಲಸ ಹಂಚುತ್ತಾರೆ, ಸಭೆ ಮುಗಿದ ಕೂಡಲೇ ಒಬ್ಬರೇ ಊಟಕ್ಕೆ ಹೋಗುತ್ತಾರೆ. ಎರಡನೆಯವರು ಊಟದ ಮೇಜಿನಲ್ಲಿ ಎಲ್ಲರನ್ನೂ ನಗಿಸುತ್ತಾರೆ, ಸಭೆಯಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಇವರಲ್ಲಿ ಬಹಿರ್ಮುಖಿ ಯಾರು? ಮೊದಲನೆಯವರು ದಿಟ್ಟತನದಲ್ಲಿ ಮೇಲೆ, ಬೆರೆಯುವುದರಲ್ಲಿ ಕೆಳಗೆ. ಎರಡನೆಯವರು ಅದರ ಉಲ್ಟಾ. ‘ನೀನು ಇಂಟ್ರೋವರ್ಟ್ ಅಂತೀಯಲ್ಲ, ಅಷ್ಟು ಜನರ ಮುಂದೆ ಹೇಗೆ ಮಾತಾಡ್ತೀಯ?’ ಅಂತ ನಮ್ಮಲ್ಲಿ ಹಲವರನ್ನು ಕೇಳುತ್ತಾರೆ. ಉತ್ತರ ಇಲ್ಲಿದೆ. ವೇದಿಕೆಯ ಮೇಲೆ ಬೇಕಾದದ್ದು ದಿಟ್ಟತನ ಮತ್ತು ತಯಾರಿ. ಬೆರೆಯುವ ಗುಣ ಬೇಕಾಗುವುದು ಭಾಷಣ ಮುಗಿದ ಮೇಲೆ, ಚಹಾದ ಹೊತ್ತಿನಲ್ಲಿ.

ವಯಸ್ಸಿನೊಂದಿಗೆ ಈ ಎಳೆಗಳು ಬೇರೆ ಬೇರೆ ದಿಕ್ಕಿಗೆ ಹೋಗುವುದೂ ಉಂಟು. ಯೌವನದಿಂದ ನಡುವಯಸ್ಸಿನ ಕಡೆಗೆ ದಿಟ್ಟತನ ಸರಾಸರಿಯಾಗಿ ಏರುತ್ತದೆ, ಗುಂಪಿನ ಗದ್ದಲದ ಹಂಬಲ ನಿಧಾನಕ್ಕೆ ಇಳಿಯುತ್ತದೆ. ‘ನಾನು ಮೊದಲು ಎಕ್ಸ್‌ಟ್ರೋವರ್ಟ್ ಆಗಿದ್ದೆ, ಈಗ ಇಂಟ್ರೋವರ್ಟ್ ಆಗಿಬಿಟ್ಟೆ’ ಅನ್ನುವ ಐವತ್ತರ ಆಸುಪಾಸಿನವರಲ್ಲಿ ಬಹಳ ಮಂದಿಗೆ ಆಗಿರುವುದು ಇಷ್ಟೇ ಇರಬಹುದು.

ಮುಂದಿನದು ಈ ವಿಷಯದಲ್ಲಿ ಆಗುವ ಅತಿದೊಡ್ಡ ತಪ್ಪು: ಜಗತ್ತನ್ನು ಎರಡು ಗುಂಪಾಗಿ ಸೀಳುವುದು. ಬಹಿರ್ಮುಖತೆ ಜನರಲ್ಲಿ ಹಂಚಿಕೊಂಡಿರುವುದು ಎತ್ತರ ಹಂಚಿಕೊಂಡ ಹಾಗೆ. ಬಹಳ ಕುಳ್ಳರೂ ಕಡಿಮೆ, ಬಹಳ ಉದ್ದದವರೂ ಕಡಿಮೆ, ಮಿಕ್ಕವರೆಲ್ಲ ನಡುವೆ. ‘ನೀವು ಉದ್ದವೋ ಕುಳ್ಳೋ, ಎರಡರಲ್ಲಿ ಒಂದು ಹೇಳಿ’ ಅಂತ ಹಟ ಹಿಡಿದರೆ ನಡುವಿನ ಎತ್ತರದವರು ಏನು ಹೇಳಬೇಕು? ಜನರನ್ನು 16 ಬಗೆಯಾಗಿ ವಿಂಗಡಿಸಿ ನಾಲ್ಕಕ್ಷರದ ಹೆಸರು ಕೊಡುವ ಮೈಯರ್ಸ್–ಬ್ರಿಗ್ಸ್ ಪರೀಕ್ಷೆ ಮಾಡುವುದು ಹೆಚ್ಚುಕಮ್ಮಿ ಇದನ್ನೇ. ಗೆರೆಯ ಈಚೆ ಒಂದು ಅಂಕ ಇದ್ದರೆ ಅಂತರ್ಮುಖಿ, ಆಚೆ ಒಂದು ಅಂಕ ಇದ್ದರೆ ಬಹಿರ್ಮುಖಿ. ಗೆರೆಯ ಆಸುಪಾಸಿನಲ್ಲೇ ಜನ ಹೆಚ್ಚು ಇರುವುದರಿಂದ ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಎಷ್ಟೋ ಜನರ ಅಕ್ಷರ ಬದಲಾಗಿರುತ್ತದೆ. ಮನುಷ್ಯ ಬದಲಾಗಿರುವುದಿಲ್ಲ, ಗೆರೆ ಎಳೆದ ಜಾಗ ಸರಿಯಿಲ್ಲ. ಕೆಲಸಕ್ಕೆ ಆಯ್ಕೆ ಮಾಡುವಾಗ ಇಂಥ ಅಕ್ಷರಗಳನ್ನು ಆಧಾರ ಮಾಡಿಕೊಳ್ಳುವ ಯಾರಾದರೂ ಇಲ್ಲಿದ್ದರೆ, ದಯವಿಟ್ಟು ಬಿಟ್ಟುಬಿಡಿ.

ನಡುವಿನವರಿಗೆ ‘ಆಂಬಿವರ್ಟ್’ ಅಂತ ಇನ್ನೊಂದು ಹೆಸರಿದೆ, 1920ರ ದಶಕದಷ್ಟು ಹಳೆಯದು. ಅದನ್ನು ಮೂರನೇ ಜಾತಿ ಮಾಡಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ನಡುವಿನಲ್ಲಿ ಇರುವುದಕ್ಕೆ ಲಾಭವಿದೆ ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಉಂಟು. 2013ರಲ್ಲಿ ಆಡಮ್ ಗ್ರಾಂಟ್ ಫೋನಿನಲ್ಲಿ ಮಾರಾಟ ಮಾಡುವ ನೌಕರರ ವ್ಯಕ್ತಿತ್ವವನ್ನು ಅಳೆದು, ಅವರು ತಂದ ಆದಾಯದ ಜೊತೆ ಹೋಲಿಸಿದರು. ಮಾರಾಟಕ್ಕೆ ವಾಚಾಳಿಗಳೇ ಬೇಕು ಅಂತ ನಾವೆಲ್ಲ ನಂಬಿದ್ದೇವಲ್ಲ? ಹೆಚ್ಚು ತಂದವರು ನಡುವಿನ ಅಂಕದವರು. ತೀರಾ ಅಂತರ್ಮುಖಿ ಗಿರಾಕಿಯನ್ನು ಒತ್ತಾಯ ಮಾಡುವುದಿಲ್ಲ, ತೀರಾ ಬಹಿರ್ಮುಖಿ ಗಿರಾಕಿಗೆ ಮಾತಾಡಲು ಬಿಡುವುದಿಲ್ಲ ಅನ್ನುವುದು ಇದಕ್ಕೆ ಕೊಡುವ ವಿವರಣೆ.

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಈಚೆಗೆ ಅಂತರ್ಮುಖಿಗಳ ಗುಣಗಾನ ಜೋರಾಗಿದೆ. ಅಂತರ್ಮುಖಿ ಅಂದರೆ ಆಳ, ಬುದ್ಧಿ, ಸೂಕ್ಷ್ಮತೆ, ಒಳ್ಳೆಯ ಕೇಳುಗ. ಬಹಿರ್ಮುಖಿ ಅಂದರೆ ಬರೀ ಸದ್ದು. ಇದಕ್ಕೆ ಆಧಾರ ಬಹಳ ತೆಳು. ಯೋಚನೆಯ ಹರವು, ಕಲೆಯ ಆಸಕ್ತಿ ಇವೆಲ್ಲ ಆ ಐದು ಗುಣಗಳಲ್ಲಿ ಬೇರೆಯೇ ಒಂದಕ್ಕೆ ಸೇರಿದ್ದು. ಅದನ್ನು ಮುಕ್ತತೆ ಅನ್ನುತ್ತಾರೆ. ಇನ್ನೊಬ್ಬರ ಬಗೆಗಿನ ಕಾಳಜಿ ಮತ್ತೊಂದಕ್ಕೆ, ಸೌಹಾರ್ದಕ್ಕೆ ಸೇರಿದ್ದು. ಬುದ್ಧಿಮತ್ತೆಗೂ ಬಹಿರ್ಮುಖತೆಗೂ ಹೇಳಿಕೊಳ್ಳುವಂಥ ನಂಟಿಲ್ಲ. ಸುಮ್ಮನೆ ಕೂತ ಮನುಷ್ಯ ನಿಮ್ಮ ಮಾತನ್ನು ಕೇಳಿಸಿಕೊಳ್ಳುತ್ತಿದ್ದಾನೆ ಅಂತ ಏನು ಗ್ಯಾರಂಟಿ? ಮನೆಗೆ ಯಾವಾಗ ಹೋಗುವುದು ಅಂತ ಲೆಕ್ಕ ಹಾಕುತ್ತಿರಬಹುದು.

ಈಗ ಭಯದ ಮಾತಿಗೆ ಬರೋಣ. ಸಂಕೋಚ, ನಾಚಿಕೆ ಬೇರೆ, ಅಂತರ್ಮುಖತೆ ಬೇರೆ. 1981ರಲ್ಲಿ ಜೊನಾಥನ್ ಚೀಕ್ ಮತ್ತು ಆರ್ನಾಲ್ಡ್ ಬಸ್ ಈ ಎರಡನ್ನೂ ಬೇರೆಬೇರೆ ಅಳೆದರು. ಜನರ ಜೊತೆ ಇರುವ ಆಸೆ ಎಷ್ಟು ಅನ್ನುವುದು ಒಂದು ಅಳತೆ, ಜನರ ನಡುವೆ ಎಷ್ಟು ಬಿಗಿಯಾಗುತ್ತೀರಿ ಅನ್ನುವುದು ಇನ್ನೊಂದು. ಆಮೇಲೆ ಅಪರಿಚಿತರನ್ನು ಜೋಡಿಯಾಗಿ ಮಾತಿಗೆ ಕೂರಿಸಿ ಗಮನಿಸಿದರು. ಯಾರು ಅತಿ ಹೆಚ್ಚು ಒದ್ದಾಡಿದರು ಗೊತ್ತೇ? ಸಂಕೋಚವೂ ಇದ್ದು, ಜನರ ಆಸೆಯೂ ಇದ್ದವರು. ಅವರು ಎದುರಿಗಿದ್ದವರ ಕಣ್ಣು ತಪ್ಪಿಸುತ್ತಿದ್ದರು, ತಮ್ಮ ಮೈ ಕೈ ಮುಟ್ಟಿಕೊಳ್ಳುತ್ತಿದ್ದರು. ಸಂಕೋಚ ಇದ್ದೂ ಜನರ ಆಸೆ ಅಷ್ಟಾಗಿ ಇಲ್ಲದವರಿಗೆ ಅಷ್ಟು ಕಷ್ಟವಾಗಲಿಲ್ಲ.

ಹಾಗಾಗಿ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಯಾರೂ ನನ್ನನ್ನು ಅಳೆಯುವುದಿಲ್ಲ, ನಗುವುದಿಲ್ಲ, ತಪ್ಪು ಹಿಡಿಯುವುದಿಲ್ಲ ಅಂತ ಖಾತ್ರಿ ಇದ್ದರೆ ಈ ಸಮಾರಂಭಕ್ಕೆ ಹೋಗುತ್ತಿದ್ದೆನೇ? ‘ಹೌದು, ಖುಷಿಯಾಗಿ’ ಅಂತ ಒಳಗಿನಿಂದ ಬಂದರೆ ನಿಮ್ಮನ್ನು ತಡೆಯುತ್ತಿರುವುದು ಸಂಕೋಚ ಅಥವಾ ಆತಂಕ. ‘ಆದರೂ ಬೇಡ, ಮನೆಯಲ್ಲೇ ಚೆನ್ನಾಗಿದೆ’ ಅಂತ ಬಂದರೆ ಅದು ಅಂತರ್ಮುಖತೆ. ಮೊದಲನೆಯದಕ್ಕೆ ಅಂತರ್ಮುಖಿ ಅನ್ನುವ ಹೆಸರಿಟ್ಟು ಸುಮ್ಮನಾಗುವುದು ನಷ್ಟದ ವ್ಯವಹಾರ, ಯಾಕೆಂದರೆ ಅದಕ್ಕೆ ಚಿಕಿತ್ಸೆ ಇದೆ. ಜನರ ನಡುವೆ ಹೋಗುವ ಭಯ ಆರು ತಿಂಗಳಿಗೂ ಮೀರಿ ಕಾಡುತ್ತಿದ್ದು, ಓದು, ಕೆಲಸ, ಸಂಬಂಧಗಳನ್ನು ಹಾಳು ಮಾಡುತ್ತಿದ್ದರೆ ವೈದ್ಯರು ಅದನ್ನು ಸಾಮಾಜಿಕ ಆತಂಕದ ಕಾಯಿಲೆ ಅಂತ ಪರಿಗಣಿಸುತ್ತಾರೆ. ಭಯಪಡುವ ಸಂದರ್ಭಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಒಡ್ಡಿಕೊಳ್ಳುವ, ಯೋಚನೆಗಳನ್ನು ಪರೀಕ್ಷಿಸಿ ನೋಡುವ ಚಿಕಿತ್ಸೆ ಬಹಳ ಜನರಿಗೆ ಫಲ ಕೊಡುತ್ತದೆ. ಇನ್ನೊಂದು ಸೂಚನೆ: ಮೊದಲು ಗೆಳೆಯರೊಂದಿಗೆ ಖುಷಿಯಾಗಿದ್ದವರು ಈಗ ಎರಡು ವಾರಕ್ಕೂ ಹೆಚ್ಚು ಕಾಲದಿಂದ ಯಾರೂ ಬೇಡ, ಮೊದಲು ಹಿಡಿಸುತ್ತಿದ್ದ ಪುಸ್ತಕವೂ ಬೇಡ ಅನ್ನುತ್ತಿದ್ದರೆ ಅದು ಅಂತರ್ಮುಖತೆ ಇರಲಾರದು, ಖಿನ್ನತೆ ಇರಬಹುದು. ಅಂತರ್ಮುಖಿಗೆ ಒಬ್ಬನೇ ಇದ್ದಾಗ ಸುಖವಿರುತ್ತದೆ.

ಬ್ಯಾಟರಿ ಕಥೆಯನ್ನು ನೀವೆಲ್ಲ ಕೇಳಿರುತ್ತೀರಿ. ಜನರ ನಡುವೆ ಅಂತರ್ಮುಖಿಯ ಬ್ಯಾಟರಿ ಇಳಿಯುತ್ತದೆ, ಬಹಿರ್ಮುಖಿಯ ಬ್ಯಾಟರಿ ಏರುತ್ತದೆ ಅಂತ. ಕೇಳಿದ ಕೂಡಲೇ ಮನಸ್ಸಿಗೆ ಕೂರುವ ಮಾತು. ಅರ್ಧ ಮಾತ್ರ ನಿಜ. 2017ರಲ್ಲಿ ಫಿನ್‌ಲೆಂಡಿನ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳನ್ನು 12 ದಿನ ಹಿಂಬಾಲಿಸಿ, ಆಗಾಗ ಅವರ ವರ್ತನೆ, ಮನಸ್ಥಿತಿ, ದಣಿವನ್ನು ದಾಖಲಿಸಿದರು. ಮಾತು, ಓಡಾಟ, ಹುರುಪು ಹೆಚ್ಚಿದ್ದ ಹೊತ್ತಿನಲ್ಲಿ ಎಲ್ಲರಿಗೂ ಖುಷಿ ಹೆಚ್ಚಿತ್ತು. ಸುಮಾರು ಮೂರು ಗಂಟೆ ಬಿಟ್ಟು ಎಲ್ಲರಿಗೂ ದಣಿವೂ ಹೆಚ್ಚಿತ್ತು. ಎಲ್ಲರಿಗೂ ಅಂದರೆ ಬಹಿರ್ಮುಖಿಗಳಿಗೂ. ಬೆರೆಯುವುದು ಯಾರಿಗಾದರೂ ಶ್ರಮದ ಕೆಲಸ. ಬಹಿರ್ಮುಖಿಗೆ ಅದರಿಂದ ಸಿಗುವ ಪ್ರತಿಫಲ ದೊಡ್ಡದಾದ್ದರಿಂದ ಆ ದಣಿವು ಅವನಿಗೆ ಲೆಕ್ಕಕ್ಕೆ ಬರುವುದಿಲ್ಲ ಅನ್ನುವುದು ನನ್ನ ಊಹೆ.

ಇದೇ ಸಾಲಿನಲ್ಲಿ ಇನ್ನೊಂದು ಸಂಗತಿ. ಅಂತರ್ಮುಖಿಗಳಿಗೆ ‘ಸ್ವಲ್ಪ ಹೊತ್ತು ಬಹಿರ್ಮುಖಿಗಳ ಹಾಗೆ ವರ್ತಿಸಿ’ ಅಂದರೆ ಅವರಿಗೂ ಆ ಹೊತ್ತಿನಲ್ಲಿ ಖುಷಿ ಏರುತ್ತದೆ. ಇದನ್ನು 2002ರಿಂದ ಹಲವು ಅಧ್ಯಯನಗಳು ಕಂಡಿವೆ. ಆದರೆ ಮೊದಲೇ ಕೇಳಿದರೆ ಅಂತರ್ಮುಖಿಗಳು ‘ಹಿಂಸೆಯಾಗುತ್ತದೆ’ ಅಂತ ನಿಜಕ್ಕಿಂತ ಕೆಟ್ಟದಾಗಿ ಊಹಿಸುತ್ತಾರೆ. ಹೊರಡುವ ಮುಂಚಿನ ಸಂಕಟ ಹೋದ ಮೇಲಿನ ಅನುಭವಕ್ಕಿಂತ ಜಾಸ್ತಿ. ಇದನ್ನು ಕೇಳಿ ‘ಹಾಗಿದ್ದರೆ ಎಲ್ಲರೂ ಬಹಿರ್ಮುಖಿಗಳಾಗಿಬಿಡಿ’ ಅನ್ನುವವರೂ ಇದ್ದಾರೆ, ಅವರಿಗೆ 2019ರ ಒಂದು ಆಸ್ಟ್ರೇಲಿಯಾದ ಅಧ್ಯಯನ ಉತ್ತರ. ಒಂದು ವಾರ ಪೂರ್ತಿ, ದಿನವಿಡೀ ಹಾಗೆ ವರ್ತಿಸಲು ಹೇಳಿದಾಗ ಸರಾಸರಿ ಖುಷಿ ಏರಿತು ನಿಜ. ಆದರೆ ಹೆಚ್ಚು ಅಂತರ್ಮುಖಿಯಾದವರಿಗೆ ಆ ಲಾಭ ಕಡಿಮೆ. ದಣಿವು ಜಾಸ್ತಿ, ‘ನಾನು ನಾನಾಗಿಲ್ಲ’ ಅನ್ನುವ ಭಾವವೂ ಜಾಸ್ತಿ. ಒಂದು ಗಂಟೆಯ ಪ್ರಮಾಣದಲ್ಲಿ ಹಿತವಾದದ್ದು ಒಂದು ವಾರದ ಪ್ರಮಾಣದಲ್ಲಿ ಭಾರವಾಯಿತು. ಅದಕ್ಕೇ ನಾನು ಮತ್ತೆ ಮತ್ತೆ ‘ಎಷ್ಟು’ ಅನ್ನುವುದು.

ಹಾಗಾದರೆ ನಿಮ್ಮ ‘ಎಷ್ಟು’ ಅಳೆಯುವುದು ಹೇಗೆ? ಮನೋವಿಜ್ಞಾನಿ ವಿಲಿಯಂ ಫ್ಲೀಸನ್ 2001ರಲ್ಲಿ ಬಳಸಿದ ದಾರಿಯನ್ನು ಸರಳ ಮಾಡಿ ಹೇಳುತ್ತೇನೆ. ಎರಡು ವಾರ, ದಿನಕ್ಕೆ ನಾಲ್ಕೈದು ಸಲ ಫೋನಿನಲ್ಲಿ ಅಲಾರಂ ಇಡಿ. ಬಡಿದ ಕೂಡಲೇ, ಕಳೆದ ಒಂದು ಗಂಟೆಯ ಬಗ್ಗೆ ಮಾತ್ರ, ಮೂರು ಅಂಕಿ ಬರೆಯಿರಿ: ಎಷ್ಟು ಮಾತಾಡಿದೆ, ಎಷ್ಟು ಖುಷಿಯಿದ್ದೆ, ಈಗ ಎಷ್ಟು ದಣಿದಿದ್ದೇನೆ. ಎಲ್ಲಕ್ಕೂ 1ರಿಂದ 7. ಪಕ್ಕದಲ್ಲಿ ಒಂದೆರಡು ಪದ: ‘ಇಬ್ಬರು ಗೆಳೆಯರು’, ‘ಹತ್ತು ಜನರ ಸಭೆ’, ‘ಒಬ್ಬನೇ, ಓದು’. ಎರಡು ವಾರ ಆದ ಮೇಲೆ ನೋಡಬೇಕಾದದ್ದು ದಣಿವಿನ ಅಂಕಿಯ ಎದುರಿನ ಸಾಲನ್ನಲ್ಲ, ಅದಕ್ಕಿಂತ ಮೂರು ಗಂಟೆ ಹಿಂದಿನ ಸಾಲನ್ನು. ನಿಮ್ಮನ್ನು ಬಳಲಿಸುತ್ತಿರುವುದು ಜನವೋ, ಜನರ ಸಂಖ್ಯೆಯೋ, ಸದ್ದೋ, ಅಥವಾ ಅಲ್ಲಿರುವ ಒಬ್ಬ ನಿರ್ದಿಷ್ಟ ವ್ಯಕ್ತಿಯೋ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಇದು ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಇಡೀ ದಿನದ್ದನ್ನು ರಾತ್ರಿ ಕೂತು ನೆನಪಿನಿಂದ ತುಂಬುತ್ತಾರೆ. ಆಗ ನೀವು ಬರೆಯುವುದು ದಿನವನ್ನಲ್ಲ, ನಿಮ್ಮ ಬಗ್ಗೆ ನಿಮಗೆ ಮೊದಲೇ ಇರುವ ಅಭಿಪ್ರಾಯವನ್ನು. ‘ನಾನು ಇಂಟ್ರೋವರ್ಟ್’ ಅಂತ ನಂಬಿದವರು ರಾತ್ರಿ ಕೂತರೆ ಸಭೆಗಳ ಮುಂದೆಲ್ಲ 7 ದಣಿವು ಬರೆದಿರುತ್ತಾರೆ. ಸರಿಯಾಗಿ ಬರೆದವರಿಗೆ ಕಾಣುವುದು ಫ್ಲೀಸನ್ ಅವರಿಗೆ ಕಂಡದ್ದೇ: ಒಬ್ಬನೇ ಮನುಷ್ಯ ಎರಡು ವಾರದಲ್ಲಿ 1ರಿಂದ 7ರ ವರೆಗೆ ಬಹುತೇಕ ಎಲ್ಲ ಮೆಟ್ಟಿಲನ್ನೂ ಹತ್ತಿ ಇಳಿದಿರುತ್ತಾನೆ. ಅಂತರ್ಮುಖಿ–ಬಹಿರ್ಮುಖಿಗಳ ವ್ಯತ್ಯಾಸ ಇರುವುದು ಅವರ ಸರಾಸರಿಯಲ್ಲಿ.

ಇನ್ನು ಸಭೆಗಳ ವಿಷಯ. ಇದರಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಅತಿ ಹೆಚ್ಚು ಹಾನಿಯಾಗುವುದೂ ಅತಿ ಸುಲಭವಾಗಿ ಸರಿಪಡಿಸಬಹುದಾದದ್ದೂ ಇಲ್ಲೇ. ಎಂಟು ಜನರ ಸಭೆ. ಮುಖ್ಯಸ್ಥರು ‘ಏನನ್ನಿಸುತ್ತೆ ಹೇಳಿ’ ಅನ್ನುತ್ತಾರೆ. ಎರಡು ಸೆಕೆಂಡ್ ಮೌನ. ಬಹಿರ್ಮುಖಿ ಬಾಯಿ ತೆರೆಯುತ್ತಾರೆ. ವಾಕ್ಯದ ಕೊನೆ ಏನು ಅಂತ ಅವರಿಗೇ ಇನ್ನೂ ಗೊತ್ತಿರುವುದಿಲ್ಲ, ಮಾತಾಡುತ್ತಾ ಯೋಚಿಸುತ್ತಾರೆ. ಮೂಲೆಯಲ್ಲಿ ಕೂತ ಅಂತರ್ಮುಖಿ ಮನಸ್ಸಿನಲ್ಲಿ ಒಂದು ವಾಕ್ಯ ಕಟ್ಟುತ್ತಿದ್ದಾರೆ. ವಾಕ್ಯ ಸಿದ್ಧವಾಗುವ ಹೊತ್ತಿಗೆ ಮಾತು ಮುಂದಿನ ವಿಷಯಕ್ಕೆ ಹೋಗಿರುತ್ತದೆ. ಕಟ್ಟಿದ ವಾಕ್ಯ ಮರೆಯಬಾರದು ಅಂತ ಹಿಡಿದಿಟ್ಟುಕೊಂಡಿದ್ದರಿಂದ ನಡುವೆ ಬೇರೆಯವರು ಹೇಳಿದ್ದೂ ಕಿವಿಗೆ ಬಿದ್ದಿಲ್ಲ. ಮುಖ್ಯಸ್ಥರು ತಿರುಗಿ ‘ನೀವು ಏನೂ ಹೇಳಲೇ ಇಲ್ಲ’ ಅನ್ನುತ್ತಾರೆ. ಆಗ ಎಲ್ಲರ ಕಣ್ಣೂ ಅತ್ತ ತಿರುಗುತ್ತದೆ, ಪ್ರಚೋದನೆ ಇನ್ನಷ್ಟು ಏರುತ್ತದೆ, ಇದ್ದ ಒಂದು ವಾಕ್ಯವೂ ಹೋಗುತ್ತದೆ.

ಮಾತಿನ ಸರದಿಗೆ ಕಾಯುವುದೇ ಯೋಚನೆಯನ್ನು ಕೊಲ್ಲುತ್ತದೆ ಅನ್ನುವುದನ್ನು 1987ರಲ್ಲಿ ಮೈಕೆಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬೆ ಪ್ರಯೋಗ ಮಾಡಿ ತೋರಿಸಿದರು. ಗುಂಪಾಗಿ ಕೂತು ಬ್ರೈನ್‌ಸ್ಟಾರ್ಮಿಂಗ್ ಮಾಡುವವರಿಗಿಂತ, ಅಂದರೆ ಹೊಳೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ವಿಚಾರ ಹುಡುಕುವವರಿಗಿಂತ, ಅಷ್ಟೇ ಜನ ಬೇರೆಬೇರೆ ಕೂತು ಬರೆದು ಒಟ್ಟು ಹಾಕಿದರೆ ಹೆಚ್ಚು ವಿಚಾರಗಳು ಬರುತ್ತವೆ ಅನ್ನುವುದು 1958ರಿಂದಲೇ ಗೊತ್ತಿತ್ತು. ಇದು ಅಂತರ್ಮುಖಿಗಳಿಗಷ್ಟೇ ಆಗುವ ತೊಂದರೆ ಅಂದುಕೊಳ್ಳಬೇಡಿ. ಅವರ ಮೇಲೆ ಅದು ಕಣ್ಣಿಗೆ ಕಾಣುವಂತೆ ಬೀಳುತ್ತದೆ, ಅಷ್ಟೇ.

ಸರಿಪಡಿಸುವ ಕ್ರಮ ಹೀಗೆ. ಹಿಂದಿನ ದಿನವೇ ವಿಷಯ ಕಳಿಸಿ; ‘ಬಜೆಟ್ ಚರ್ಚೆ’ ಅಂತ ಕಳಿಸಿದರೆ ಪ್ರಯೋಜನವಿಲ್ಲ, ‘ಯಾವ ಎರಡು ಖರ್ಚು ಕಡಿತ ಮಾಡೋಣ’ ಅಂತ ಪ್ರಶ್ನೆಯಾಗಿ ಕಳಿಸಿ. ಸಭೆ ಶುರುವಾದ ಕೂಡಲೇ ಐದರಿಂದ ಏಳು ನಿಮಿಷ ಎಲ್ಲರೂ ಮಾತಿಲ್ಲದೆ ಬರೆಯಲಿ. ಮೂರು ನಿಮಿಷ ಸಾಲದು, ಮೊದಲು ಹೊಳೆಯುವುದು ಎಲ್ಲರಿಗೂ ಒಂದೇ. ಹತ್ತು ನಿಮಿಷವಾದರೆ ಫೋನ್ ಹೊರಗೆ ಬರುತ್ತದೆ. ಆಮೇಲೆ ಒಬ್ಬೊಬ್ಬರು ಒಂದೊಂದು ಅಂಶವನ್ನು ಓದುತ್ತಾ ಸುತ್ತು ಬನ್ನಿ, ಪ್ರತಿ ಸಲ ಬೇರೆ ತುದಿಯಿಂದ ಶುರು ಮಾಡಿ. ಮುಖ್ಯಸ್ಥರು ಕೊನೆಗೆ ಮಾತಾಡಲಿ. ಹಲವರು ಬರೆಯಿಸುವುದನ್ನು ಮಾಡುತ್ತಾರೆ, ಈ ಕೊನೆಯದನ್ನು ಮರೆಯುತ್ತಾರೆ. ಮುಖ್ಯಸ್ಥರ ಅಭಿಪ್ರಾಯ ಕೇಳಿದ ಮೇಲೆ ಬರೆದ ಹಾಳೆಯಲ್ಲಿ ಎಷ್ಟು ಸಾಲುಗಳು ಸದ್ದಿಲ್ಲದೆ ಅಳಿಸಿಹೋಗುತ್ತವೆ ಅಂತ ಒಮ್ಮೆ ಗಮನಿಸಿ ನೋಡಿ.

ಮುಖ್ಯಸ್ಥರ ಬಗ್ಗೆ ಹೇಳುವಾಗ ಇನ್ನೊಂದು ಮಾತು. 2011ರಲ್ಲಿ ಆಡಮ್ ಗ್ರಾಂಟ್, ಫ್ರಾನ್ಸೆಸ್ಕಾ ಜಿನೋ, ಡೇವಿಡ್ ಹಾಫ್‌ಮನ್ ಒಂದೇ ಸರಣಿಗೆ ಸೇರಿದ ಪಿಜ್ಜಾ ಅಂಗಡಿಗಳ ವ್ಯವಸ್ಥಾಪಕರನ್ನು ಅಧ್ಯಯನ ಮಾಡಿದರು. ಹೇಳಿದಷ್ಟು ಮಾಡುವ ನೌಕರರಿದ್ದಲ್ಲಿ ಬಹಿರ್ಮುಖಿ ವ್ಯವಸ್ಥಾಪಕರ ಅಂಗಡಿಗೆ ಲಾಭ ಹೆಚ್ಚು. ತಾವೇ ಸಲಹೆ ಕೊಡುವ, ಮುಂದೆ ಬರುವ ನೌಕರರಿದ್ದಲ್ಲಿ ಅದೇ ಬಹಿರ್ಮುಖಿ ವ್ಯವಸ್ಥಾಪಕರ ಅಂಗಡಿಗೆ ಲಾಭ ಕಡಿಮೆ. ಚುರುಕಿನ ತಂಡದ ಮೇಲೆ ಜೋರಿನ ಮುಖ್ಯಸ್ಥರನ್ನು ಕೂರಿಸುವ ಮೊದಲು ಯೋಚಿಸಬೇಕು.

ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಪ್ರಮಾಣದವರಾದರೆ? ಜಗಳ ಬಹುತೇಕ ಎರಡು ಹೊತ್ತಿನಲ್ಲಿ ಆಗುತ್ತದೆ. ಒಂದು, ಸಮಾರಂಭದಿಂದ ಹೊರಡುವಾಗ. ಎರಡು, ಕೆಲಸದಿಂದ ಮನೆಗೆ ಬಂದ ಮೊದಲ ಅರ್ಧ ಗಂಟೆ. ಮೊದಲನೆಯದಕ್ಕೆ, ಹೊರಡುವ ಹೊತ್ತನ್ನು ಮನೆ ಬಿಡುವ ಮುಂಚೆಯೇ ಗಡಿಯಾರ ನೋಡಿ ಗೊತ್ತು ಮಾಡಿಕೊಳ್ಳಿ. ಒಬ್ಬರೇ ಮುಂಚೆ ಬರಲು ದಾರಿ ಇದೆಯೇ ಅಂತಲೂ ಆಗಲೇ ಮಾತಾಡಿ. ಅಲ್ಲಿ ಹೋಗಿ ಕಣ್ಸನ್ನೆಯಲ್ಲಿ ನಿರ್ಧರಿಸಲು ಹೊರಟರೆ ಒಬ್ಬರು ಕಣ್ಸನ್ನೆ ಮಾಡುತ್ತಲೇ ಇರುತ್ತಾರೆ, ಇನ್ನೊಬ್ಬರು ಅದನ್ನು ನೋಡದ ಹಾಗೆ ಇರುತ್ತಾರೆ. ಎರಡನೆಯದಕ್ಕೆ, ಮೊದಲು ಇಪ್ಪತ್ತು–ಮೂವತ್ತು ನಿಮಿಷ ಮಾತಿಲ್ಲ, ಆಮೇಲೆ ಪೂರ್ತಿ ಗಮನ ಅಂತ ಒಪ್ಪಂದ. ಆಮೇಲಿನ ಪೂರ್ತಿ ಗಮನ ಸಿಗದೇ ಹೋದರೆ ಈ ಒಪ್ಪಂದ ಒಂದು ವಾರವೂ ಬಾಳುವುದಿಲ್ಲ. ಇಡೀ ದಿನ ಒಬ್ಬರೇ ಮನೆಯಿಂದ ಕೆಲಸ ಮಾಡಿದ ಬಹಿರ್ಮುಖಿಗೆ ಆ ಮೂವತ್ತು ನಿಮಿಷ ನಿಜವಾಗಿಯೂ ಉದ್ದ. ಅಂಥವರು ಮಧ್ಯಾಹ್ನ ಒಂದು ಫೋನ್ ಕರೆಯನ್ನೋ ಯಾರೊಂದಿಗಾದರೂ ಒಂದು ನಡಿಗೆಯನ್ನೋ ಇಟ್ಟುಕೊಂಡರೆ ಸಂಜೆಯ ಮಾತಿನ ಹಸಿವು ಇಳಿಯುತ್ತದೆ.

ಮಕ್ಕಳ ಬಗ್ಗೆ ಚುಟುಕಾಗಿ. ಜೆರೋಮ್ ಕಾಗನ್ ನಾಲ್ಕು ತಿಂಗಳ ಶಿಶುಗಳಿಗೆ ಹೊಸ ಸದ್ದು, ವಾಸನೆ, ಬಣ್ಣದ ಆಟಿಕೆಗಳನ್ನು ತೋರಿಸಿದಾಗ ಸುಮಾರು 20% ಶಿಶುಗಳು ಕೈಕಾಲು ಬಡಿದು ಅತ್ತವು, ಸುಮಾರು 40% ಆರಾಮಾಗಿದ್ದವು. ಬೆಳೆದಂತೆ ಹೊಸಬರ ಮುಂದೆ ಹಿಂಜರಿಯುವವರು ಮೊದಲ ಗುಂಪಿನಲ್ಲೇ ಹೆಚ್ಚು, ಆದರೆ ಆ ಗುಂಪಿನ ಎಲ್ಲರೂ ಹಾಗಾಗಲಿಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಬಹಿರ್ಮುಖತೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧದಷ್ಟಕ್ಕೆ ವಂಶವಾಹಿಗಳು ಕಾರಣ. ಹಿಂಜರಿಯುವ ಮಗುವನ್ನು ಗುಂಪಿನ ನಡುವೆ ನೂಕುವುದೂ ತಪ್ಪು, ಮನೆಯಲ್ಲೇ ಇಟ್ಟುಕೊಳ್ಳುವುದೂ ತಪ್ಪು. ಹುಟ್ಟುಹಬ್ಬಕ್ಕೆ ಹದಿನೈದು ನಿಮಿಷ ಮುಂಚೆ ಕರೆದುಕೊಂಡು ಹೋಗಿ. ಖಾಲಿ ಕೋಣೆಗೆ ಒಬ್ಬೊಬ್ಬರಾಗಿ ಮಕ್ಕಳು ಬರುವುದಕ್ಕೂ, ಮೂವತ್ತು ಮಕ್ಕಳು ಕಿರುಚುತ್ತಿರುವ ಕೋಣೆಗೆ ತಾನು ಹೋಗುವುದಕ್ಕೂ ಆ ಮಗುವಿನ ಪಾಲಿಗೆ ಬಹಳ ವ್ಯತ್ಯಾಸವಿದೆ.

ಕೊನೆಗೆ, ಯಾವಾಗಲೂ ಬರುವ ಪ್ರಶ್ನೆ: ಬದಲಾಗಲು ಸಾಧ್ಯವೇ? ಸ್ವಲ್ಪ ಮಟ್ಟಿಗೆ ಸಾಧ್ಯ. 2019ರಲ್ಲಿ ನೇಥನ್ ಹಡ್ಸನ್ ಮತ್ತು ಸಂಗಡಿಗರು 15 ವಾರಗಳ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ವಾರ ವಾರ ಚಿಕ್ಕ ಚಿಕ್ಕ ಸವಾಲುಗಳನ್ನು ಆರಿಸಿಕೊಳ್ಳಲು ಹೇಳಿದರು. ಅಂಗಡಿಯಲ್ಲಿ ದುಡ್ಡು ತೆಗೆದುಕೊಳ್ಳುವವರಿಗೆ ನಮಸ್ಕಾರ ಹೇಳುವಂಥ ಸಣ್ಣ ಸವಾಲಿನಿಂದ ಹಿಡಿದು ಹಂತಹಂತವಾಗಿ ದೊಡ್ಡವು. ಸವಾಲುಗಳನ್ನು ಮಾಡಿ ಮುಗಿಸಿದವರಲ್ಲಿ ಬದಲಾವಣೆ ಕಂಡಿತು. ಪಟ್ಟಿಗೆ ಸೇರಿಸಿಕೊಂಡು ಮಾಡದೇ ಬಿಟ್ಟವರಿಗೆ ಬರೀ ಆಸೆಯಿಂದ ಏನೂ ದಕ್ಕಲಿಲ್ಲ. ಹಾಗಾಗಿ ಪ್ರಯತ್ನಿಸುವವರು ‘ಈ ವಾರ ಹೆಚ್ಚು ಮಾತಾಡುತ್ತೇನೆ’ ಅಂತ ಬರೆದುಕೊಳ್ಳಬೇಡಿ. ‘ಗುರುವಾರದ ಸಭೆಯ ಮೊದಲ ಹತ್ತು ನಿಮಿಷದಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ’ ಅಂತ ಬರೆದುಕೊಂಡು, ಆ ಪ್ರಶ್ನೆಯನ್ನೂ ಬುಧವಾರವೇ ಸಿದ್ಧ ಮಾಡಿಟ್ಟುಕೊಳ್ಳಿ. ಮಾತು ಕಡಿಮೆ ಮಾಡಬೇಕು ಅನ್ನುವ ಬಹಿರ್ಮುಖಿಗಳಿಗೂ ಇದೇ ಕ್ರಮ: ಇಬ್ಬರು ಮಾತಾಡಿದ ಮೇಲೆ ಮೂರನೆಯವರಾಗಿ ಬಾಯಿ ತೆರೆಯುತ್ತೇನೆ ಅಂತ ಬರೆದುಕೊಳ್ಳಿ. ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ಸಾಕು. ಅದು ಮುಗಿದ ಮೇಲೆ ಮುಂದಿನದು.